ಮುಂದಿನ ಹಲ್ಲಿನ ಹಿಂದೆ ಇನ್ನೊಂದು ಹಲ್ಲು: ತೆಗೆಸಬೇಕಾ, ಬಿಡಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಮೇಲಿನ ಮುಂದಿನ ಎರಡು ಹಲ್ಲುಗಳ ಹಿಂದೆ, ಅಂಗುಳಿನ ಕಡೆ, ಒಂದು ಸಣ್ಣ ಚೂಪು ಹಲ್ಲಿದೆ. ಶಾಲೆಗೆ ಹೋಗುವ ದಿನಗಳಿಂದಲೂ ಇದೆ, ನೋವಿಲ್ಲ. ಮೊನ್ನೆ ಹುಳುಕು ತುಂಬಿಸಲು ಹೋದಾಗ ಪೂರ್ತಿ ಬಾಯಿಯ ಎಕ್ಸ್‌ರೇ ತೆಗೆದರು. ಕೆಳದವಡೆಯ ಮೂಳೆಯೊಳಗೆ, ಕೋರೆ ಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲುಗಳ ಬೇರಿನ ಹತ್ತಿರ, ಇನ್ನೊಂದು ಹಲ್ಲು ಹೂತುಕೊಂಡಿದೆಯಂತೆ. ಒಬ್ಬ ಡಾಕ್ಟರ್ ಎರಡನ್ನೂ ತೆಗೆಸಿಬಿಡಿ ಅಂದರು. ಇನ್ನೊಬ್ಬರು ತೊಂದರೆ ಇಲ್ಲದಿದ್ದರೆ ಮುಟ್ಟಲೇಬೇಡಿ ಅಂದರು. ರಾತ್ರಿ ನಿದ್ದೆ ಬರುತ್ತಿಲ್ಲ. ಮುಂದೆ ಇದು ಗಡ್ಡೆ ಆಗುತ್ತದಾ? ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಷಯ. ಜಾಸ್ತಿ ಹಲ್ಲು ಅಂದರೆ ಕ್ಯಾನ್ಸರ್ ಅಲ್ಲ. ಮೂಳೆಯೊಳಗೆ ಹೂತ ಹಲ್ಲಿನ ಸುತ್ತ ಕೆಲವರಿಗೆ ನೀರು ತುಂಬಿದ ಚೀಲ ಬೆಳೆಯುವುದುಂಟು, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ಅದು ರಾತ್ರೋರಾತ್ರಿ ಆಗುವಂಥದ್ದಲ್ಲ, ಎಲ್ಲರಿಗೂ ಆಗುವುದೂ ಇಲ್ಲ. ಹಾಗಾಗಿ ಈ ವಾರವೇ ಓಡಬೇಕಾದ ಅವಸರ ನಿಮಗಿಲ್ಲ. ಯೋಚಿಸಿ ತೀರ್ಮಾನ ಮಾಡಲು ಸಮಯವಿದೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ನೂರು ಜನರ ಎಕ್ಸ್‌ರೇ ನೋಡಿದರೆ ಒಂದರಿಂದ ಮೂರು ಜನರಲ್ಲಿ ಇಂಥ ಹಲ್ಲು ಸಿಗುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಜಾಸ್ತಿ. ಮಗು ಇನ್ನೂ ಹೊಟ್ಟೆಯಲ್ಲಿರುವಾಗಲೇ ದವಡೆಯೊಳಗೆ ಒಂದು ತೆಳು ಪಟ್ಟಿ ಮೂಡುತ್ತದೆ, ಅದರಿಂದಲೇ ಹಲ್ಲಿನ ಮೊಗ್ಗುಗಳು ಹುಟ್ಟುತ್ತವೆ. 20 ಹಾಲು ಹಲ್ಲು, ಆಮೇಲೆ ಬುದ್ಧಿ ಹಲ್ಲೂ ಸೇರಿ 32 ಹಲ್ಲು, ಅಷ್ಟಕ್ಕೆ ಲೆಕ್ಕ ಮುಗಿದು ಆ ಪಟ್ಟಿ ಕರಗಿಹೋಗಬೇಕು. ಎಲ್ಲೋ ಒಂದು ಕಡೆ ಅದು ಕರಗದೆ ಇನ್ನೊಂದು ಮೊಗ್ಗು ಬಿಟ್ಟರೆ ಹೀಗಾಗುತ್ತದೆ. ಮನೆತನದಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಕಾಣುವುದುಂಟು. ನೀವು ಸರಿಯಾಗಿ ಬ್ರಷ್ ಮಾಡಲಿಲ್ಲ ಅಂತಲೋ, ಚಿಕ್ಕಂದಿನಲ್ಲಿ ಹಾಲು ಹಲ್ಲು ಸರಿಯಾಗಿ ಕೀಳಿಸಲಿಲ್ಲ ಅಂತಲೋ ಬಂದದ್ದಲ್ಲ.

ಈಗ ಯಾರ ಮಾತು ಕೇಳಬೇಕು ಅನ್ನುವುದು. ನನಗೆ ಅನ್ನಿಸುವುದು, ಇಬ್ಬರೂ ಎರಡು ಹಲ್ಲಿಗೂ ಸೇರಿಸಿ ಒಂದೇ ಉತ್ತರ ಕೊಟ್ಟಿದ್ದಾರೆ, ತೊಡಕಾಗಿರುವುದು ಅಲ್ಲೇ. ನಿಮ್ಮ ಬಾಯಲ್ಲಿರುವ ಎರಡು ಹಲ್ಲುಗಳದ್ದು ಎರಡು ಬೇರೆ ಬೇರೆ ಕಥೆ. ಹಲ್ಲು ಲೆಕ್ಕಕ್ಕಿಂತ ಜಾಸ್ತಿ ಇದೆ ಅನ್ನುವುದೊಂದೇ ಕೀಳಲು ಕಾರಣ ಆಗುವುದಿಲ್ಲ. ಅದು ಪಕ್ಕದ ಹಲ್ಲಿಗೆ, ಒಸಡಿಗೆ, ಮೂಳೆಗೆ ಏನು ಮಾಡುತ್ತಿದೆ, ಮುಂದೆ ಏನು ಮಾಡಬಹುದು, ತೆಗೆಯಲು ಹೋದರೆ ನಾವು ಏನನ್ನು ಕೆಡಿಸಬಹುದು, ಈ ಮೂರನ್ನೂ ಒಂದೊಂದು ಹಲ್ಲಿಗೂ ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು.

ಮುಂದಿನದ್ದನ್ನು ನೋಡೋಣ. ಮೇಲಿನ ಎರಡು ಬಾಚಿ ಹಲ್ಲುಗಳ ನಡುವೆ ಅಥವಾ ಅವುಗಳ ಹಿಂದೆ ಬರುವ ಈ ಚೂಪು ಹಲ್ಲಿಗೆ ಮೀಸಿಯೋಡೆನ್ಸ್ ಅನ್ನುತ್ತಾರೆ, ನಿಮ್ಮ ರಿಪೋರ್ಟಿನಲ್ಲೂ ಆ ಪದ ಇರಬಹುದು. ಜಾಸ್ತಿ ಹಲ್ಲುಗಳಲ್ಲೆಲ್ಲ ತೀರಾ ಸಾಮಾನ್ಯವಾದದ್ದು ಇದೇ. ಕಿತ್ತು ಅಂಗೈ ಮೇಲೆ ಇಟ್ಟುಕೊಂಡರೆ ಪೆನ್ಸಿಲ್ ಮೊನೆಯ ಹಾಗೆ ಕಾಣುತ್ತದೆ. ಮೇಲೆ ಮೊನೆ, ಕೆಳಗೆ ಒಂದೇ ಒಂದು ಸಣ್ಣ ಬೇರು. ಇಷ್ಟು ಪುಟ್ಟದ್ದಕ್ಕಾ ಇಷ್ಟು ವರ್ಷ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದೆ ಅಂತ ಹಲ್ಲು ನೋಡಿ ಕಣ್ಣೀರು ಹಾಕಿದವರನ್ನು ನಾನು ಕಂಡಿದ್ದೇನೆ. ಆ ನೋವನ್ನು ಸಣ್ಣದು ಅಂತ ನಾನು ಯಾವತ್ತೂ ಅನ್ನುವುದಿಲ್ಲ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಒಳ್ಳೆ ಬೆಳಕಲ್ಲಿ, ಕೈಗನ್ನಡಿಯನ್ನು ಬಾಯಿಯ ಕೆಳಗೆ ಹಿಡಿದು, ಎದುರಿನ ಕನ್ನಡಿಯಲ್ಲಿ ಆ ಹಲ್ಲಿನ ಹಿಂಭಾಗ ನೋಡಿ. ಚೂಪು ಹಲ್ಲಿಗೂ ಮುಂದಿನ ಹಲ್ಲಿಗೂ ನಡುವೆ ಒಂದು ಸಂದು ಇರುತ್ತದೆ. ಅಲ್ಲಿ ಹಳದಿಯೋ ಕಂದೋ ಆದ ಪದರ ಇದೆಯಾ? ಒಸಡು ಪಕ್ಕದ ಒಸಡಿಗಿಂತ ಕೆಂಪಾಗಿ ಉಬ್ಬಿದೆಯಾ? ಫ್ಲಾಸ್ ದಾರ ತೂರಿಸಿ ಎಳೆಯಿರಿ. ದಾರ ಸಲೀಸಾಗಿ ಬಂದರೆ ಸರಿ. ಎಳೆ ಎಳೆಯಾಗಿ ಬಿಚ್ಚಿಕೊಂಡು ಬಂದರೆ, ರಕ್ತ ಬಂದರೆ, ಮೂಗಿನ ಹತ್ತಿರ ಹಿಡಿದಾಗ ಕೆಟ್ಟ ವಾಸನೆ ಬಂದರೆ ಆ ಸಂದಿನಲ್ಲಿ ಕೊಳೆ ಕೂತಿದೆ ಅಂತಲೇ ಅರ್ಥ. ಹುಳುಕು ಶುರುವಾಗಿರಲೂಬಹುದು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ದೊಡ್ಡವರಲ್ಲಿ ಹೊರಗೆ ಬಂದಿರುವ ಜಾಸ್ತಿ ಹಲ್ಲು ತಾನು ಹಾಳಾದರೆ ನನಗೆ ಬೇಜಾರಿಲ್ಲ, ಅದು ಹೇಗಿದ್ದರೂ ಲೆಕ್ಕಕ್ಕೆ ಇಲ್ಲದ ಹಲ್ಲು. ನನಗೆ ಚಿಂತೆ ಪಕ್ಕದ ಒಳ್ಳೆ ಹಲ್ಲಿನದು. ಹುಳುಕು ಬಾಚಿ ಹಲ್ಲಿನ ಹಿಂಭಾಗಕ್ಕೆ ಬಿದ್ದರೆ ಕನ್ನಡಿಯಲ್ಲಿ ಕಾಣುವುದೇ ಇಲ್ಲ, ನೋವು ಬರುವ ಹೊತ್ತಿಗೆ ನರದ ತನಕ ಹೋಗಿರುತ್ತದೆ, ಆಮೇಲೆ ಜೀವಮಾನವಿಡೀ ಬೇಕಾದ ಹಲ್ಲಿಗೆ ರೂಟ್ ಕೆನಾಲ್, ಕ್ಯಾಪ್ ಅಂತ ಶುರುವಾಗುತ್ತದೆ. ನಿಮ್ಮ ಸಂದು ಸ್ವಚ್ಛವಾಗಿ ಇರುತ್ತಿಲ್ಲ ಅಂದರೆ ಆ ಚೂಪು ಹಲ್ಲನ್ನು ತೆಗೆಸಿ. ನನ್ನ ಸಲಹೆ ನೇರವಾಗಿ ಇದೇ. ಬೇರು ಒಂದೇ ಆಗಿ, ನೆಟ್ಟಗಿದ್ದರೆ ಸಾಮಾನ್ಯ ಹಲ್ಲು ಕೀಳುವಷ್ಟೇ ಕೆಲಸ, ಎಷ್ಟೋ ಸಲ ಅದಕ್ಕಿಂತ ಸುಲಭ. ಸಂದು ಶುದ್ಧವಾಗಿದೆ, ಒಸಡು ಗಟ್ಟಿಯಾಗಿದೆ, ನೋಡಲಿಕ್ಕೂ ನಿಮಗೇನೂ ಬೇಸರವಿಲ್ಲ ಅಂದರೆ ಇಟ್ಟುಕೊಂಡಿರಿ. ಒಂದೇ ಕುಚ್ಚಿನ ಪುಟ್ಟ ಬ್ರಷ್ ಸಿಗುತ್ತದೆ, ಅದರಲ್ಲಿ ದಿನಾ ಆ ಸಂದನ್ನು ಉಜ್ಜಿ, ಆರು ತಿಂಗಳಿಗೊಮ್ಮೆ ತೋರಿಸಿ.

ಒಂದು ಮಾತು ಮೊದಲೇ ತಿಳಿದಿರಲಿ. ಚೂಪು ಹಲ್ಲು ಹೋದ ಕೂಡಲೇ ಮುಂದಿನ ಹಲ್ಲುಗಳು ತಾವಾಗಿಯೇ ಸಾಲಿಗೆ ಬರುತ್ತವೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಏಳೆಂಟು ವರ್ಷದ ಮಗುವಿಗೆ ಸ್ವಲ್ಪ ಮಟ್ಟಿಗೆ ಹಾಗಾಗಬಹುದು. 34ರಲ್ಲಿ ಆಗುವುದಿಲ್ಲ. ಹಲ್ಲು ತಿರುಚಿಕೊಂಡಿದ್ದರೆ ತಿರುಚಿಕೊಂಡೇ ಇರುತ್ತದೆ, ನಡುವೆ ಸಂದಿದ್ದರೆ ಸಂದು ಹಾಗೇ ಉಳಿಯುತ್ತದೆ. ಅದನ್ನು ಸರಿ ಮಾಡಲು ಕ್ಲಿಪ್ಪೋ, ಹಲ್ಲಿನ ಮೇಲೆ ತೊಡುವ ಪಾರದರ್ಶಕ ಕವಚದಂಥ ಅಲೈನರ್ರೋ ಬೇಕು. ಸಂದು ಸಣ್ಣದಾಗಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಹಾಕಿ ಮುಚ್ಚಲೂಬಹುದು. ಕ್ಲಿಪ್ ಹಾಕಿಸಲು ವಯಸ್ಸು ಅಡ್ಡಿ ಇಲ್ಲ, ಒಸಡು ಮತ್ತು ಮೂಳೆ ಗಟ್ಟಿ ಇದ್ದರೆ ಸಾಕು. ಆದರೆ ತಿರುಚಿದ್ದ ಹಲ್ಲಿಗೆ ಹಳೆ ಜಾಗಕ್ಕೆ ಮರಳುವ ಹಟ ಜಾಸ್ತಿ. ಅದಕ್ಕೇ ಕ್ಲಿಪ್ ಬಿಚ್ಚಿದ ಮೇಲೆ ಹಿಂಭಾಗದಲ್ಲಿ ತೆಳು ತಂತಿ ಅಂಟಿಸುತ್ತಾರೆ. ಆ ತಂತಿ ಬೇಡ ಅನ್ನಬೇಡಿ.

ಈಗ ಕೆಳಗಿನದು. ಇಲ್ಲಿ ನಾನು ಎರಡನೇ ಡಾಕ್ಟರ ಪಕ್ಷ.

ಕೆಳಗಿನ ಸಣ್ಣ ದವಡೆ ಹಲ್ಲುಗಳ ಬೇರಿನ ಹತ್ತಿರ ಮೂಳೆಯಲ್ಲಿ ಒಂದು ರಂಧ್ರವಿದೆ. ಅದರಿಂದ ಹೊರಬರುವ ನರವೇ ಆ ಬದಿಯ ಕೆಳತುಟಿಗೆ, ಗಲ್ಲಕ್ಕೆ ಸ್ಪರ್ಶ ಕೊಡುವುದು. ಹೂತ ಹಲ್ಲು ಆ ನರಕ್ಕೆ ಒತ್ತಿಕೊಂಡೇ ಇರಬಹುದು. ತೆಗೆಯಬೇಕೆಂದರೆ ಒಸಡು ಬಿಡಿಸಬೇಕು, ಮೂಳೆ ಕೊರೆಯಬೇಕು, ಬೇಕಾದರೆ ಹಲ್ಲನ್ನು ತುಂಡು ಮಾಡಿ ತೆಗೆಯಬೇಕು. ಅಷ್ಟರಲ್ಲಿ ನರ ಜಗ್ಗಿದರೂ ಸಾಕು, ತುಟಿ ವಾರಗಟ್ಟಲೆ, ತಿಂಗಳುಗಟ್ಟಲೆ ಜೋಮು ಹಿಡಿದ ಹಾಗೆ ಇರುತ್ತದೆ. ಹೆಚ್ಚಿನವರಿಗೆ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಮರಳುವುದಿಲ್ಲ. ತುಟಿಯಿಂದ ನೀರು ಸೋರಿದರೂ ಗೊತ್ತಾಗದ ಸ್ಥಿತಿಯನ್ನು, ಯಾವ ತೊಂದರೆಯನ್ನೂ ಕೊಡದ ಹಲ್ಲಿಗೋಸ್ಕರ ನಾನಾಗಿಯೇ ತಂದಿಡಲಾರೆ. ಜೊತೆಗೆ ವಯಸ್ಸಾಗುತ್ತಾ ಮೂಳೆ ಗಟ್ಟಿಯಾಗುತ್ತದೆ, ವರ್ಷಾನುಗಟ್ಟಲೆ ಹೂತಿರುವ ಹಲ್ಲು ಕೆಲವೊಮ್ಮೆ ಮೂಳೆಗೇ ಅಂಟಿಕೊಂಡಿರುತ್ತದೆ. ಹದಿನೆಂಟರಲ್ಲಿ ಬಂದಷ್ಟು ಸುಲಭವಾಗಿ ಅದು ಈಗ ಬರುವುದಿಲ್ಲ.

ಹಾಗಂತ ಬಿಟ್ಟುಬಿಡಿ ಅಂದರೆ ಮರೆತುಬಿಡಿ ಅಂತಲ್ಲ. ಹೂತ ಹಲ್ಲಿನ ತಲೆಯ ಸುತ್ತ ಒಂದು ತೆಳು ಪೊರೆ ಇರುತ್ತದೆ, ಎಕ್ಸ್‌ರೇಯಲ್ಲಿ ಕಪ್ಪು ಗೆರೆಯ ಹಾಗೆ ಕಾಣುತ್ತದೆ. ಆ ಕಪ್ಪು ಅಂಚು ಎರಡು ಮೂರು ಮಿಲಿಮೀಟರ್ ಇದ್ದರೆ ಸಹಜ. ಅದು 5 ಮಿಲಿಮೀಟರ್ ದಾಟುತ್ತಿದೆ ಅಂದರೆ ಒಳಗೆ ನೀರು ತುಂಬಿ ಚೀಲ ಆಗುತ್ತಿದೆ ಅನ್ನುವ ಅನುಮಾನ ಬರುತ್ತದೆ. ನಾನು ಹೇಳಿದ್ದು ಈ ಚೀಲವೇ. ನೋವೇ ಇಲ್ಲದೆ ನಿಧಾನವಾಗಿ ಬೆಳೆದು, ಮೂಳೆಯನ್ನು ತೆಳ್ಳಗೆ ಮಾಡುತ್ತದೆ, ಪಕ್ಕದ ಹಲ್ಲನ್ನು ತಳ್ಳುತ್ತದೆ. ಕಾಣಿಸಿದರೆ ಹಲ್ಲು, ಚೀಲ ಎರಡನ್ನೂ ತೆಗೆದು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಬೇಕು. ಇನ್ನೊಂದು ಗಮನಿಸಬೇಕಾದದ್ದು ಪಕ್ಕದ ಹಲ್ಲಿನ ಬೇರು. ಹೂತ ಹಲ್ಲು ತಾಗಿದ ಜಾಗದಲ್ಲಿ ಬೇರು ಸವೆದಂತೆ, ಕಚ್ಚಿ ತೆಗೆದಂತೆ ಕಂಡರೆ ಆಗಲೂ ತೆಗೆಯುವ ಮಾತು ಬರುತ್ತದೆ. ಇವೆರಡೂ ಇಲ್ಲವಾದರೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಎಕ್ಸ್‌ರೇ, ಏನೂ ಬದಲಾಗಿಲ್ಲ ಅಂದರೆ ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಹಳೆಯ ಫಿಲ್ಮನ್ನು ಪ್ರತಿ ಸಲ ಜೊತೆಯಲ್ಲೇ ತೆಗೆದುಕೊಂಡು ಹೋಗಿ. ಒಂದು ಎಕ್ಸ್‌ರೇ ಇವತ್ತಿನ ಸ್ಥಿತಿ ಹೇಳುತ್ತದೆ, ಎರಡನ್ನು ಪಕ್ಕ ಪಕ್ಕ ಇಟ್ಟರೆ ಮಾತ್ರ ಬೆಳೆಯುತ್ತಿದೆಯೋ ಇಲ್ಲವೋ ಗೊತ್ತಾಗುವುದು.

ಈ ಜಾಗದ ಹಲ್ಲುಗಳದ್ದು ಇನ್ನೊಂದು ಸ್ವಭಾವ ಇದೆ, ಇವು ತಡವಾಗಿ ಹುಟ್ಟುತ್ತವೆ. ಹನ್ನೆರಡು ವರ್ಷದಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಏನೂ ಇಲ್ಲದ ಜಾಗದಲ್ಲಿ ಹದಿನೆಂಟು ಇಪ್ಪತ್ತರ ಹೊತ್ತಿಗೆ ಹಲ್ಲು ಮೂಡಿರುವುದುಂಟು. ಹಿಂದೆ ನೋಡಿದ ಡಾಕ್ಟರ್ ಗಮನಿಸಲೇ ಇಲ್ಲ ಅಂತ ಬೈದುಕೊಳ್ಳಬೇಡಿ, ಆಗ ಅದು ಇರದೇ ಇದ್ದಿರಬಹುದು.

ನನ್ನ ಮಾತು ಬದಲಾಗುವ ಸಂದರ್ಭಗಳೂ ಇವೆ. ನೀವು ಕ್ಲಿಪ್ ಹಾಕಿಸಿ ಆ ಭಾಗದ ಹಲ್ಲುಗಳನ್ನು ಸರಿಸಬೇಕು ಅಂತಿದ್ದರೆ ಹೂತ ಹಲ್ಲು ದಾರಿಗೆ ಅಡ್ಡ ಬರುತ್ತದಾ ಅಂತ ನೋಡಬೇಕು. ಆ ಜಾಗದಲ್ಲೇ ಇಂಪ್ಲಾಂಟ್, ಅಂದರೆ ಮೂಳೆಯಲ್ಲಿ ನೆಡುವ ಕೃತಕ ಬೇರು, ಕೂರಿಸಬೇಕು ಅಂದರೆ ಮೊದಲು ಅದನ್ನು ತೆಗೆದು ಮೂಳೆ ತುಂಬಲು ಬಿಡಬೇಕಾಗುತ್ತದೆ. ಎಕ್ಸ್‌ರೇಯನ್ನೇ ನೋಡದೆ ಬರೀ ಬಾಯಿಯ ಅಚ್ಚು ಅಥವಾ ಫೋಟೊ ತೆಗೆದುಕೊಂಡು ಮನೆಗೆ ಅಲೈನರ್ ಕಳಿಸುವವರ ಹತ್ತಿರ ದಯವಿಟ್ಟು ಹೋಗಬೇಡಿ, ಮೂಳೆಯೊಳಗೆ ಏನಿದೆ ಅಂತ ಗೊತ್ತಿಲ್ಲದೆ ಹಲ್ಲು ತಳ್ಳುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದ ಹಾಗೆ.

ಎಕ್ಸ್‌ರೇ ಬಗ್ಗೆಯೂ ಸ್ವಲ್ಪ ಹೇಳಬೇಕು. ನಿಮಗೆ ತೆಗೆದಿರುವ ಪೂರ್ತಿ ಬಾಯಿಯ ಎಕ್ಸ್‌ರೇಗೆ ಓಪಿಜಿ ಅನ್ನುತ್ತಾರೆ. ಎಷ್ಟು ಹಲ್ಲಿವೆ, ಎಲ್ಲೆಲ್ಲಿವೆ ಅಂತ ಒಂದೇ ನೋಟಕ್ಕೆ ತೋರಿಸುತ್ತದೆ. ಆದರೆ ಹಲ್ಲು ಬೇರಿನ ಮುಂದಿದೆಯೋ ಹಿಂದಿದೆಯೋ ಅದು ಹೇಳುವುದಿಲ್ಲ, ಎಲ್ಲ ಚಪ್ಪಟೆಯಾಗಿ ಒಂದರ ಮೇಲೊಂದು ಬಿದ್ದಿರುತ್ತದೆ. ಅದಕ್ಕೆ ಹಳೆಯ ಒಂದು ಉಪಾಯವಿದೆ. ಒಂದು ಬೆರಳನ್ನು ಮುಖದ ಹತ್ತಿರ, ಇನ್ನೊಂದನ್ನು ಅದರ ಹಿಂದೆ ದೂರದಲ್ಲಿ, ನೇರ ಸಾಲಿನಲ್ಲಿ ಹಿಡಿಯಿರಿ. ಒಂದು ಕಣ್ಣು ಮುಚ್ಚಿ, ತಲೆಯನ್ನು ಬಲಕ್ಕೆ ಸರಿಸಿ. ದೂರದ ಬೆರಳು ನಿಮ್ಮ ಜೊತೆಗೇ ಬಲಕ್ಕೆ ಬಂದ ಹಾಗೆ, ಹತ್ತಿರದ್ದು ಎಡಕ್ಕೆ ಹೋದ ಹಾಗೆ ಕಾಣುತ್ತದೆ, ಅಲ್ವಾ? ಹಾಗೆಯೇ ಸಣ್ಣ ಎಕ್ಸ್‌ರೇಗಳನ್ನು ಎರಡು ಕೋನದಿಂದ ತೆಗೆದರೆ, ಮಷೀನ್ ಸರಿದ ಕಡೆಗೇ ಸರಿದ ಹಲ್ಲು ಒಳಗಿನ ಬದಿಯಲ್ಲಿದೆ, ಎದುರು ಕಡೆ ಸರಿದದ್ದು ತುಟಿ, ಕೆನ್ನೆಯ ಬದಿಯಲ್ಲಿದೆ ಅಂತ ಅರ್ಥ. ಎಷ್ಟೋ ಸಲ ಇಷ್ಟೇ ಸಾಕು. ಆದರೆ ನಿಮ್ಮ ಕೆಳಗಿನ ಹಲ್ಲನ್ನು ತೆಗೆಯಲೇಬೇಕು ಅಂತಾದರೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಇಲ್ಲದೆ ಒಪ್ಪಬೇಡಿ. ನರ ಎಷ್ಟು ದೂರ ಇದೆ ಅಂತ ಅದರಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬಹುದು. ತೆಗೆಯುವ ಯೋಚನೆಯೇ ಇಲ್ಲದಿದ್ದರೆ ಸುಮ್ನೆ ಆ ಸ್ಕ್ಯಾನ್ ಯಾಕೆ, ಅದರಲ್ಲಿ ವಿಕಿರಣ ಸಾಮಾನ್ಯ ಎಕ್ಸ್‌ರೇಗಿಂತ ಜಾಸ್ತಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಇದನ್ನು ಓದುವ ಬೇರೆಯವರಿಗೆ ಬೇಕಾದ ಒಂದು ಎಚ್ಚರಿಕೆ. ಸಾಲಿನಲ್ಲಿ ಬೇರೆ ಥರ ಕಾಣುವ ಹಲ್ಲೆಲ್ಲ ಜಾಸ್ತಿ ಹಲ್ಲಲ್ಲ. ನಲವತ್ತು ವರ್ಷದವರ ಬಾಯಲ್ಲೂ ಒಂದು ಹಾಲು ಹಲ್ಲು ಬಿದ್ದಿರದೇ ಉಳಿದಿರಬಹುದು, ಯಾಕೆಂದರೆ ಅದರ ಕೆಳಗೆ ಬರಬೇಕಾದ ಹಲ್ಲು ಹುಟ್ಟಿಯೇ ಇರುವುದಿಲ್ಲ. ಹೀಗೇ ಒಬ್ಬರು ಜಾಸ್ತಿ ಹಲ್ಲು ಅಂದುಕೊಂಡು ಎಕ್ಸ್‌ರೇ ಇಲ್ಲದೆ ಒಂದು ಕಡೆ ಕೀಳಿಸಿಕೊಂಡು, ಆಮೇಲೆ ಖಾಲಿ ಜಾಗ ತೋರಿಸಲು ನನ್ನ ಹತ್ತಿರ ಬಂದಿದ್ದರು. ಗಟ್ಟಿಯಾಗಿ ಇನ್ನೂ ಎಷ್ಟೋ ವರ್ಷ ಬಾಳುವ ಹಲ್ಲು ಅದು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಮೊದಲು ಎಣಿಸಿ, ಎಕ್ಸ್‌ರೇಯಲ್ಲಿ ಎಣಿಸಿ, ಆಮೇಲೆ ಕೈ ಹಾಕಿ.

ಹಾಗೆಯೇ ಕೆಲವು ಜಾಸ್ತಿ ಹಲ್ಲುಗಳು ಪಕ್ಕದ ಹಲ್ಲಿನ ತದ್ರೂಪು. ಎರಡೂ ಒಂದೇ ಆಕಾರ, ಒಂದೇ ಅಳತೆ, ಯಾವುದು ಅಸಲಿ ಅಂತ ಯಾರೂ ಹೇಳಲಾರರು, ಹೇಳಬೇಕಾದ ಅಗತ್ಯವೂ ಇಲ್ಲ. ಜಾಗ ಸಾಲದಿದ್ದರೆ ಬೇರು ಗಟ್ಟಿ ಇರುವ, ಹುಳುಕಿಲ್ಲದ, ಸಾಲಿಗೆ ಹತ್ತಿರ ಇರುವ ಹಲ್ಲನ್ನು ಉಳಿಸಿ ಇನ್ನೊಂದನ್ನು ತೆಗೆದರಾಯಿತು. ಪಕ್ಕದ ಹಲ್ಲಿನೊಂದಿಗೆ ಬೆಸೆದುಕೊಂಡು ಬಂದ ಜಾಸ್ತಿ ಹಲ್ಲು ಮಾತ್ರ ಬೇರೆ ಮಾತು. ಒಳಗೆ ನರ ಒಂದೇ ಆಗಿದ್ದರೆ ಕತ್ತರಿಸಿದ ಕೂಡಲೇ ಉಳಿಯುವ ಭಾಗಕ್ಕೂ ರೂಟ್ ಕೆನಾಲ್ ಬೇಕಾಗುತ್ತದೆ.

ಎರಡು ಜಾಸ್ತಿ ಹಲ್ಲು ಇದ್ದರೆ ಮೈಯಲ್ಲಿ ಬೇರೇನಾದರೂ ಕಾಯಿಲೆ ಇದೆಯಾ ಅಂತ ನಿಮಗೆ ಅನ್ನಿಸಬಹುದು. ಒಂದು, ಎರಡು ಇರುವವರು ಬಹುಪಾಲು ಪೂರ್ತಿ ಆರೋಗ್ಯವಾಗಿಯೇ ಇರುತ್ತಾರೆ. ನಾಲ್ಕೈದು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ನಾನು ಬಾಯಿ ಬಿಟ್ಟು ಮೈ ಕಡೆಗೂ ನೋಡುತ್ತೇನೆ. ಹುಟ್ಟಿನಿಂದಲೇ ಕತ್ತಿನ ಕೆಳಗಿನ ಕಾಲರ್ ಮೂಳೆ ಪೂರ್ತಿ ಬೆಳೆಯದ ಒಂದು ಸ್ಥಿತಿ ಇದೆ, ಅವರು ಎರಡೂ ಭುಜಗಳನ್ನು ಎದೆಯ ಮುಂದೆ ಹತ್ತಿರ ಹತ್ತಿರ ತರಬಲ್ಲರು, ಬಾಯಿಯ ತುಂಬ ಹೂತ ಹಲ್ಲುಗಳಿರುತ್ತವೆ. ಇನ್ನೊಂದು ಗಾರ್ಡ್ನರ್ ಸಿಂಡ್ರೋಮ್. ಅದರಲ್ಲಿ ದವಡೆ ಮೂಳೆಯ ಮೇಲೆ ಗಟ್ಟಿ ಗಂಟುಗಳು, ಜಾಸ್ತಿ ಹಲ್ಲುಗಳು, ಜೊತೆಗೆ ದೊಡ್ಡ ಕರುಳಿನಲ್ಲಿ ಪಾಲಿಪ್ ಅನ್ನುವ ಸಣ್ಣ ಮಾಂಸದ ಗಂಟುಗಳು ನೂರಾರು ಬೆಳೆಯುತ್ತವೆ. ಸುಮ್ಮನೆ ಬಿಟ್ಟರೆ ಆ ಪಾಲಿಪ್‌ಗಳು ಕ್ಯಾನ್ಸರ್ ಆಗುತ್ತವೆ. ಹಾಗಾಗಿ ಹೂತ ಹಲ್ಲು ಹಲವಾರು ಇದ್ದು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಕರುಳಿನ ಕ್ಯಾನ್ಸರ್ ಆಗಿದ್ದರೆ ಹಲ್ಲಿನ ಮಾತು ಬದಿಗಿಟ್ಟು ಮೊದಲು ಹೊಟ್ಟೆಯ ಡಾಕ್ಟರನ್ನು ನೋಡಿ.

ನೀವು ಚೂಪು ಹಲ್ಲು ತೆಗೆಸುವುದಾದರೆ ಹೋಗುವ ಮುಂಚೆ ನಿಮ್ಮ ಔಷಧಿಗಳ ಪಟ್ಟಿ ಕೊಡಿ. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಮಾತ್ರೆ ಅಥವಾ ಇಂಜೆಕ್ಷನ್, ಸಕ್ಕರೆ ಕಾಯಿಲೆ, ಹಿಂದೆ ಯಾವಾಗಲಾದರೂ ದವಡೆಗೆ ರೇಡಿಯೇಷನ್ ಆಗಿದ್ದರೆ ಅದು, ಯಾವುದನ್ನೂ ಮುಚ್ಚಿಡಬೇಡಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಲೂಬೇಡಿ. ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ ಮೇಲೆ ಒತ್ತುವುದು, ಅಲುಗಾಡಿಸುವುದು ಗೊತ್ತಾಗುತ್ತದೆ, ನೋವು ಗೊತ್ತಾಗಬಾರದು. ನೋವಾದರೆ ಕೈ ಎತ್ತಿ, ನಿಲ್ಲಿಸಿ ಇನ್ನಷ್ಟು ಔಷಧಿ ಕೊಡುತ್ತಾರೆ. ಅಂಗುಳಿನ ಮುಂಭಾಗ ಕೆಲವು ದಿನ ಮಂಕಾಗಿ ಇರಬಹುದು, ಬಹುಪಾಲು ಮರಳುತ್ತದೆ. ಒಂದು ದಿನ ಬಾಯಿ ಮುಕ್ಕಳಿಸಬೇಡಿ, ಜೋರಾಗಿ ಉಗುಳಬೇಡಿ, ಸ್ಟ್ರಾ ಬೇಡ. ಮಾರನೇ ದಿನದಿಂದ ಬೆಚ್ಚಗಿನ ಉಪ್ಪು ನೀರು. ಸಿಗರೇಟು ಸೇದುವವರಾದರೆ ಕಡೇಪಕ್ಷ ಒಂದು ವಾರ ಬಿಡಿ, ಇಲ್ಲದಿದ್ದರೆ ಹೆಪ್ಪುಗಟ್ಟಿದ ರಕ್ತ ಕಳಚಿಹೋಗಿ ಗಾಯ ಬರಿದಾಗಿ, ಮೂರನೇ ನಾಲ್ಕನೇ ದಿನ ಕಿವಿಯ ತನಕ ಸೆಳೆಯುವ ನೋವು ಬರುತ್ತದೆ. ಮೂಳೆ ಕೊರೆದು ತೆಗೆದಿದ್ದರೆ ಊತ ಎರಡು ಮೂರನೇ ದಿನಕ್ಕೆ ಅತಿ ಹೆಚ್ಚಾಗಿ, ಆಮೇಲೆ ಇಳಿಯಬೇಕು. ಇಳಿಯದೆ ಏರುತ್ತಾ ಹೋದರೆ, ಜ್ವರ ಬಂದರೆ, ಬಾಯಿ ತೆರೆಯಲಾಗದಿದ್ದರೆ ಅದೇ ದಿನ ತೋರಿಸಿ. ಎಂಜಲು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕ್ಲಿನಿಕ್ ತೆರೆಯುವ ತನಕ ಕಾಯಬೇಡಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ನಿಮ್ಮ ಮೊದಲನೇ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ, ಕೆಳಗಿನ ಹಲ್ಲನ್ನು ಯಾಕೆ ತೆಗೆಯಬೇಕು ಅಂತ ಎಕ್ಸ್‌ರೇ ಮುಂದಿಟ್ಟುಕೊಂಡು ಕೇಳಿ. ಚೀಲ ಕಾಣುತ್ತಿದೆಯಾ, ಪಕ್ಕದ ಬೇರು ಸವೆದಿದೆಯಾ, ನರ ಎಷ್ಟು ದೂರ ಇದೆ, ಹೀಗೇ ಬಿಟ್ಟರೆ ಏನಾಗಬಹುದು ಅಂತ ಅವರಿಗೆ ಅನ್ನಿಸುತ್ತದೆ? ಬೆರಳಿಟ್ಟು ತೋರಿಸುವಂಥ ಕಾರಣ ಇದ್ದರೆ ನನ್ನ ಸಲಹೆ ಬಿಟ್ಟು ಅವರ ಮಾತು ಕೇಳಿ, ಯಾಕೆಂದರೆ ನಿಮ್ಮ ಎಕ್ಸ್‌ರೇ ನೋಡಿರುವವರು ಅವರು, ನಾನಲ್ಲ. ಜಾಸ್ತಿ ಇದೆ, ಅದಕ್ಕೇ ತೆಗೆಯೋಣ ಅನ್ನುವುದಷ್ಟೇ ಉತ್ತರವಾದರೆ ಕೆಳಗಿನದನ್ನು ಈಗ ಮುಟ್ಟಿಸಬೇಡಿ.

ಮತ್ತೆ, ಮನೆಯಲ್ಲಿ ಮಕ್ಕಳಿದ್ದರೆ ಆರೇಳು ವರ್ಷ ಆದಾಗ ಅವರ ಮುಂದಿನ ಹಲ್ಲುಗಳ ಮೇಲೆ ಒಂದು ಕಣ್ಣಿಡಿ. ಮೇಲಿನ ಒಂದು ಬಾಚಿ ಹಲ್ಲು ಬಂದು ಆರು ತಿಂಗಳಾದರೂ ಜೋಡಿ ಹಲ್ಲು ಬರದಿದ್ದರೆ ಕಾಯುತ್ತಾ ಕೂರದೆ ಎಕ್ಸ್‌ರೇ ತೆಗೆಸಿ. ದಾರಿಗೆ ಅಡ್ಡ ಮಲಗಿರುವ ಚೂಪು ಹಲ್ಲನ್ನು ಆ ವಯಸ್ಸಿನಲ್ಲಿ ತೆಗೆದರೆ ಹಿಂದಿನ ಹಲ್ಲು ತಾನಾಗಿಯೇ ಇಳಿದು ಬರುವ ಅವಕಾಶ ಚೆನ್ನಾಗಿರುತ್ತದೆ.